ಖಂಡೇಪೂಜೆಗೆ ಕೂತ ಲೈಬ್ರರಿ ಪುಸ್ತಕ

ಮೂಡಲಗಿಯ ಸಮಸ್ತ ಸುಟ್ಟ ಮೋಟಾರುಗಳಿಗೆ ಮರುಜೀವ ಕೊಡುವ ಗೆಳೆಯ ಶಿವಪುತ್ರನಿಗೆ,

ಗೋಕಾಕದಿಂದ ಮಾಲಿಂಗನ ನಮಸ್ಕಾರ. ಫೋನಿನಲ್ಲಿ ಬೈದರೆ ನೀನು "ಹಲೋ, ಹಲೋ, ಕೇಳವಲ್ದು" ಎಂದು ಇಟ್ಟುಬಿಡುತ್ತೀ. ಅದಕ್ಕೇ ಕಾಗದ.

ನಿನ್ನ ಮಗಳು ನಂದಿನಿ ಮೊನ್ನೆ ಬಂದು, ಹುಕ್ಕೇರಿಯ ಕಾಲೇಜಿನಲ್ಲಿ ಪಾಠ ಹೇಳಲು ಸೇರಿದ ಖುಷಿಗೆ ಪೇಢೆ ಕೊಟ್ಟಳು. ಜೊತೆಗೇ, "ಕಾಕಾ, ಯುನಿವರ್ಸಿಟಿ ಲೈಬ್ರರಿ ಕಾರ್ಡ್ ಸೋಮವಾರ ಹೊಳ್ಳಿ ಕೊಟ್ಟು ಬಾ ಅಂದಾನ್ರಿ ಅಪ್ಪಾ. ನೌಕರಿ ಸಿಕ್ಕಮ್ಯಾಲ ಓದೂದು ಏನೈತಿ ಅಂತಾನ್ರಿ," ಎಂದಳು. ಕಚ್ಚಿದ ಪೇಢೆಯನ್ನು ಕೆಳಗಿಟ್ಟೆ.

ನಾವು ಓದುವಾಗಿನ ಆ ದಸರೆ ಮರೆತೆಯಾ? ನೀನು ಲೈಬ್ರರಿಯಿಂದ ಮೋಟಾರಿನ ದಪ್ಪ ಪುಸ್ತಕ ತಂದಿದ್ದೆ. ನಿಮ್ಮವ್ವ ಭರಮವ್ವ ಖಂಡೇಪೂಜೆಗೆ ಕುಡಗೋಲು, ಕೊಡಲಿಗಳ ಸಾಲಿನಲ್ಲಿ ಅದನ್ನೂ ಕೂರಿಸಿ, ನಡುಪುಟ ತೆರೆದು ಮುಷ್ಟಿ ತುಂಬ ಭಂಡಾರ ಸುರಿದಳು. "ಬನ್ನಿ ಮುಡಿಯೂತನಕ ಕೈ ಹಚ್ಚಿದ್ರ ಬೆರಳ ಮುರೀತೇನಿ!" ರಜೆ ಮುಗಿದು ಹಿಂದಿರುಗಿಸುವಾಗ ಆ ಅರಿಶಿನವೆಲ್ಲ ಗ್ರಂಥಪಾಲಕರ ಬಿಳಿ ಅಂಗಿಯ ಮೇಲೆ. "ಪೂಜಾ ಆಗೇತ್ರಿ ಸರ್," ಎಂದು ನೀನು ತೊದಲಿದೆ. ಅವರು ಅಂಗಿ ಝಾಡಿಸಿಕೊಂಡು, "ಪೂಜಾ ಖರೆ, ಓದೀಯೇನು?" ಎಂದು ಅದೇ ಪುಸ್ತಕವನ್ನು ಮತ್ತೆ ನಿನ್ನ ಹೆಸರಿಗೇ ಬರೆದುಕೊಟ್ಟರು.

ಓದು ಮುಗಿದದ್ದೇ ತಡ, ನೀನು ಕಾರ್ಡು ಕೊಟ್ಟು ಕೈ ತೊಳೆದುಕೊಂಡೆ. ನಾನು ಹಳೆಯ ವಿದ್ಯಾರ್ಥಿಯೆಂದು ಕಾರ್ಡು ಉಳಿಸಿಕೊಂಡೆ. ನೀನು ನನ್ನನ್ನು ಹುಚ್ಚ ಎಂದೆ. ಇರಲಿ. ಆದರೆ ಇಪ್ಪತ್ತೆಂಟು ವರ್ಷಗಳಿಂದ, ನಿನಗೆ ತಿಳಿಯದ ಮೋಟಾರು ಅಂಗಡಿಗೆ ಬಂದಾಗಲೆಲ್ಲ ಮೊದಲ ಫೋನು ಯಾರಿಗೆ? "ಲೇ ಮಾಲ್ಯಾ, ಲೈಬ್ರರಿಗೆ ಹ್ವಾದಾಗ ಇದರ ತಂತಿ ಎಷ್ಟ ಸುತ್ತು ಅಂತ ನೋಡ್ಕೊಂಡ ಬಾರಲೇ!" ನಗೆಬರಹ ಬರೆಯುವ ನಾನು ತಾಮ್ರದ ತಂತಿಯ ಲೆಕ್ಕ ಬರೆದುಕೊಳ್ಳುವುದನ್ನು ಕಂಡು ಅಲ್ಲಿಯವರು ನನ್ನನ್ನು ಮೋಟಾರು ಮೇಸ್ತ್ರಿ ಎಂದೇ ತಿಳಿದಿದ್ದಾರೆ. ನೀನು ಕಾರ್ಡು ಬಿಟ್ಟೆಯೇ ಹೊರತು ಲೈಬ್ರರಿ ಬಿಡಲಿಲ್ಲ, ಮಹಾರಾಯ. ನಾಳೆ ಪಾಠದ ನಡುವೆ ಯಾರೋ ಒಬ್ಬಳು ಪುಸ್ತಕದಲ್ಲಿಲ್ಲದ ಪ್ರಶ್ನೆ ಕೇಳಿದರೆ ನಂದಿನಿ ಯಾರಿಗೆ ಫೋನು ಮಾಡಬೇಕು? ನಿನಗೋ? ನೀನು ನನಗೆ ಮಾಡುತ್ತೀ. ನನ್ನ ಮೊಣಕಾಲುಗಳಾಗಲೇ ರಾಜೀನಾಮೆ ಬರೆಯುತ್ತಿವೆ.

ಇದನ್ನೆಲ್ಲ ಅವಳಿಗೆ ಹೇಳಿದೆ. ಅವಳು ಕೇಳಿದಳು: "ಆ ದಪ್ಪ ಪುಸ್ತಕ ನಾನೂ ತಗದೇನಿ ಕಾಕಾ. ನಡುವಿನ ಹಾಳಿ ಹಳದಿ ಆಗಿದ್ದು ನಮ್ಮ ಭರಮವ್ವ ಆಯಿ ಕೈಯಿಂದೇನ್ರಿ?" ಹೌದು ಎಂದೆ. ನನ್ನ ಬಳಿಯಿದ್ದ ಹಳೆಯ ವಿದ್ಯಾರ್ಥಿ ಕಾರ್ಡಿನ ಖಾಲಿ ಅರ್ಜಿ ಎಳೆದುಕೊಂಡು ತಾನೇ ಸಹಿ ಹಾಕಿದಳು.

ಸೋಮವಾರ ವಿದ್ಯಾರ್ಥಿ ಕಾರ್ಡು ಕೊಟ್ಟು, ಅದೇ ಕಿಟಕಿಯಲ್ಲಿ ಹಳೆಯ ವಿದ್ಯಾರ್ಥಿಯ ಕಾರ್ಡು ತೆಗೆದುಕೊಳ್ಳುತ್ತಾಳೆ. ಜೊತೆಗೆ ನಾನಿರುತ್ತೇನೆ. ಅರ್ಜಿಯಲ್ಲಿ ತಂದೆಯ ಒಪ್ಪಿಗೆಗೆ ಜಾಗವೇ ಇಲ್ಲ. ಎರಡು ಸಲ ತಿರುವಿ ನೋಡಿದ್ದೇನೆ. ಈ ಸಲ ಖಂಡೇಪೂಜೆಗೆ ಆ ಕಾರ್ಡನ್ನು ನಿನ್ನ ಪಾನಾ, ಸ್ಕ್ರೂಡ್ರೈವರುಗಳ ಬಾಜೂ ಇಟ್ಟು ಭಂಡಾರ ಏರಿಸು. ಬನ್ನಿ ಮುಡಿದ ಮರುಬೆಳಗ್ಗೆ ಅವಳ ಕೈಗೆ ಕೊಡು. ಲೈಬ್ರರಿಗೆ ಹೋಗುವ ಬಸ್ಸು ಏಳಕ್ಕೆ.

ಊರವರ ಮೋಟಾರು ಸುಡುತ್ತಿರಲಿ, ನಿನ್ನ ಹೊಟ್ಟೆ ತಣ್ಣಗಿರಲಿ.

ಮಗಳಿಗೆ ಅಧಿಕಾರ ವಹಿಸಿಕೊಟ್ಟ ನಿನ್ನ ಪುಕ್ಕಟೆ ಲೈಬ್ರರಿ,
ಮಾಲಿಂಗ