ಹೊಳೆಯಾಚೆಗೆ ಕರೆದ ಮೈಕ್

ಪೊನ್ಸೆ ಪಟ್ಟಣದ ಅಕ್ಕನಿಗೆ,

ಅತ್ತೆ ಬದುಕಿದ್ದಾರೆ, ಮೊದಲು ಅಷ್ಟು ತಿಳಿದುಕೋ. ಚಂಡಮಾರುತಕ್ಕೆ ಈ ಬೆಟ್ಟದೂರಿನ ಸೇತುವೆ ಕೊಚ್ಚಿಹೋಗಿದೆ. ಅವರು ಹೊಳೆಯಾಚೆ, ನಾನು ಅವರ ಇನ್ಸುಲಿನ್ ಇಟ್ಟ ಐಸ್ ಡಬ್ಬಿ ಹಿಡಿದು ಈಚೆ. ಐಸ್ ಕರಗುತ್ತಿತ್ತು. ಹೆಲಿಕಾಪ್ಟರೊಂದು ಮೇಲೆ ಸುತ್ತಿ ಫೋಟೊ ತೆಗೆದುಕೊಂಡು ಹೋಯಿತು. ವಿಯೆಟ್ನಾಮ್ ಯುದ್ಧಕ್ಕೆ ಕಳಿಸುವಾಗ ಪೋರ್ಟೊರಿಕೊದ ನಾವು ಅಮೆರಿಕದ ಪ್ರಜೆಗಳಾಗಿದ್ದೆವು. ಕುಡಿಯುವ ನೀರು ಕೇಳಿದಾಗ ಮಾತ್ರ ಸಮುದ್ರದಾಚೆಯವರು.

ಆಮೇಲೆ ಕಂಡದ್ದನ್ನು ಹೇಗೆ ಬರೆಯಲಿ. ಪೋರ್ಟೊರಿಕೊ ಅಮೆರಿಕದ ಐವತ್ತೊಂದನೆಯ ರಾಜ್ಯವಾಗಲಿ ಎಂದು ಪ್ರತಿ ಚುನಾವಣೆಯಲ್ಲೂ ಅರಚುವ ಎಲಾದಿಯೊ ತನ್ನ ಪ್ರಚಾರದ ಮೈಕ್ ಲಾರಿಯನ್ನು ದಡಕ್ಕೆ ತಂದು, "ದೋನ್ಯಾ ಪ್ರೊವಿಗೆ ಇನ್ಸುಲಿನ್ ಬಂದಿದೆ" ಎಂದು ಅತ್ತೆಯ ಹೆಸರು ಹಿಡಿದು ಕೂಗಿದ. ಬೆಟ್ಟದಿಂದ ಬೆಟ್ಟಕ್ಕೆ ದನಿ ಹೋಯಿತು. ಆ ಮೈಕನ್ನು ಜೀವಮಾನವಿಡೀ ಬೈದ, ಅಮೆರಿಕದಿಂದ ಬಿಡುಗಡೆಯೇ ಬೇಕೆನ್ನುವ ಸ್ವಾತಂತ್ರ್ಯವಾದಿ ಮತೀಯಸ್, ಆಚೆ ದಡದಿಂದ ಸೊಂಟಕ್ಕೆ ಹಗ್ಗ ಬಿಗಿದು ಆ ಕೆಂಪು ನೀರಿಗೆ ಇಳಿದೇಬಿಟ್ಟ.

"ನೀನು ಕರೆದಿದ್ದಕ್ಕೆ ನಾನು ಬಂದಿದ್ದು ಇದೇ ಮೊದಲು ಕಣೋ," ಎಂದ ದಡ ಹತ್ತಿ.

"ಹಂಗೇ ಓಟೂ ಹಾಕು."

"ಬಾಯ್ಮುಚ್ಚಿ ಹಗ್ಗಾನ ಲಾರಿಗೆ ಕಟ್ಟು ಮಾರಾಯ."

ಡಬ್ಬಿಯನ್ನು ತಲೆಗೆ ಕಟ್ಟಿಕೊಂಡು ಅದೇ ಹಗ್ಗ ಹಿಡಿದು ಅವನು ಮರಳಿದ. ದಡ ಮುಟ್ಟುವವರೆಗೂ ಎಲಾದಿಯೊ ಮೈಕಿನಲ್ಲಿ, ಬಂಡೆ ಎಲ್ಲಿದೆ, ಸುಳಿ ಎಲ್ಲಿದೆ ಎಂದು ಹೇಳುತ್ತಲೇ ಇದ್ದ. ಇಷ್ಟು ಚರಿತ್ರೆ ಓದಿದವನು ನಾನು, ಬಾಯಿ ಬಿಟ್ಟುಕೊಂಡು ನಿಂತಿದ್ದೆ.

ನನ್ನ ಬಿ.ಪಿ. ಹಿಡಿತದಲ್ಲಿದೆ. ಈ ಕಾರ್ಡ್ ತರುವವನ ಕೈಲಿ ಒಂದು ಲಾರಿ ಬ್ಯಾಟರಿ ಕಳಿಸು. ಆಚೆ ದಡದಲ್ಲಿ ಔಷಧಿಗೆ ಕಾಯುವವರು ಇನ್ನೂ ಇದ್ದಾರೆ, ಮೈಕಿನ ದನಿ ಇಳಿಯುತ್ತಿದೆ.

ನಿನ್ನ ತಮ್ಮ,
ಇಲ್ದೆಫೋನ್ಸೊ