ಸಾಲಿನ ಮುಂದಿನ ಚಪ್ಪಲಿ

ಉದಗೀರ
ಬುಧವಾರ ಮುಂಜಾನೆ, ೧೯ ನವೆಂಬರ್ ೨೦೨೫

ತೀರ್ಥರೂಪ ಅವ್ವನ ಬರಿಗಾಲಿಗೆ ನಿನ್ನ ಕಳ್ಳ ಮಗಳು ಶೈಲಶ್ರೀ ಮಾಡುವ ಶರಣು.

ಹೌದು, ಕಳ್ಳಿ ನಾನೇ. ದೀಪಾವಳಿಗೆ ಬಂದು ಹೊರಡುವಾಗ ಬಸ್ಸು ತಪ್ಪೀತೆಂಬ ಗಡಿಬಿಡಿಯಲ್ಲಿ ನನ್ನ ಹರಿದ ಚಪ್ಪಲಿ ಅಲ್ಲೇ ಬಿಟ್ಟು ನಿನ್ನದನ್ನು ಮೆಟ್ಟಿಕೊಂಡು ಬಂದೆ. ನಿಲಂಗಾ ಬಜಾರದಲ್ಲಿ ಹೊಲಿಸಿದ್ದು, ಎಡಗಾಲಿನ ಪಟ್ಟಿ ಕಿತ್ತಾಗ ನೀನೇ ಕೆಂಪು ದಾರದಿಂದ ಬಿಗಿದಿದ್ದು, ಅದೇ. ಚಪ್ಪಲಿ ಕದ್ದರೆಂದು ನೀನು ಓಣಿಯವರನ್ನೆಲ್ಲ ಬೈದೆಯಂತೆ. ಈಗ ಅಪ್ಪನ ದೊಡ್ಡ ಚಪ್ಪಲಿ ಹಾಕಿಕೊಂಡು ಅಂಗಳದಲ್ಲಿ ಟಪ್ಪ ಟಪ್ಪ ಎಂದು ಅಡ್ಡಾಡುತ್ತೀಯಂತೆ. ನಿನ್ನ ಸೊಸೆ, ನಮ್ಮ ವೈನಿ, ಫೋನಿನಲ್ಲಿ ನಕ್ಕು ನಕ್ಕು ಹೇಳಿದಳು.

ಈ ಮಾತನ್ನೂ ಫೋನಿನಲ್ಲೇ ಹೇಳಬಹುದಿತ್ತು. ಆದರೆ ದವಾಖಾನೆ ಎಂಬ ಶಬ್ದ ಬಂದ ಕೂಡಲೆ ನೀನು ಫೋನನ್ನು ವೈನಿಯ ಕೈಗೆ ಕೊಟ್ಟು ದನದ ಕೊಟ್ಟಿಗೆಗೆ ಹೋಗಿಬಿಡುತ್ತೀ. ಅದಕ್ಕೇ ಪತ್ರ, ಅದೂ ಕನ್ನಡದಲ್ಲಿ. ಅಣ್ಣ ಓಂಪ್ರಕಾಶ, ವೈನಿ ಇಬ್ಬರೂ ಮರಾಠಿ ಶಾಲೆಯವರು. ಪುರಾಣದ ಪೋಥಿಯ ಮೇಲೆ ಬೆರಳಿಡಿಸಿ ನೀನು ಈ ಅಕ್ಷರ ಕಲಿಸಿದ್ದು ನನಗೊಬ್ಬಳಿಗೇ. ಅಪ್ಪ ಭಕ್ತರ ಮನೆಗಳಿಗೆ ಪೂಜೆಗೆ ಹೋಗಿರುತ್ತಾರೆ. ಹೀಗಾಗಿ ಇದು ನಮ್ಮಿಬ್ಬರ ನಡುವಿನ ಮಾತು. ಕೊನೆಯವರೆಗೂ ಓದು, ನಡುವೆ ಎದ್ದು ಹೋಗಬೇಡ.

ಮಾತು ಇಷ್ಟೇ. ಈ ಪತ್ರ ತಂದ ಋಷಿಕೇಶ ಉದಗೀರದಲ್ಲಿ ಔಷಧ ಅಂಗಡಿ ಇಟ್ಟವನು, ಭಾನುವಾರ ನಮ್ಮ ಸೇವಾ ಮಂಡಳಿಯ ಜೀಪು ಓಡಿಸುತ್ತಾನೆ. ಆ ಜೀಪು ನಿನ್ನ ಬಾಗಿಲಲ್ಲಿ ನಿಂತಿದೆ. ಹತ್ತಿ ಬಾ. ನಮ್ಮ ಡಾಕ್ಟರ್ ಮೀನಲ ಮೇಡಂ ನಿನ್ನ ಎದೆ ನೋಡುತ್ತಾರೆ. ದೀಪಾವಳಿಯ ದಿನ ನೀರಿನ ಕೊಡ ಎತ್ತುವಾಗ ನೀನು ಮೆಟ್ಟಿಲ ಮೇಲೆ ಕುಸಿದು ಕೂತು ಎಡಗೈ ತಿಕ್ಕಿಕೊಂಡದ್ದನ್ನು ನಾನು ನೋಡಿದ್ದೇನೆ. ಬೆವರು ಸುರಿಯುತ್ತಿತ್ತು. ಬರೀ ಗ್ಯಾಸು ಎಂದು ನೀನು ಅಜವಾನ ಬಾಯಿಗೆ ಹಾಕಿಕೊಂಡೆ. ಕೊಬ್ಬರಿ ಹೆರೆಯಲು ನನ್ನನ್ನು ಒಳಗೆ ಅಟ್ಟಿದೆ.

ನೀನು ಜೀಪು ಹತ್ತುವ ತನಕ ನೀರು ಸಹ ಮುಟ್ಟಬೇಡ ಎಂದು ಋಷಿಕೇಶನಿಗೆ ಹೇಳಿ ಕಳಿಸಿದ್ದೇನೆ. ಜಂಗಮರ ಮನೆಯ ಕಟ್ಟೆಯ ಮೇಲೆ ಬಂದವನು ಉಪವಾಸ ಕೂತರೆ ನಿನಗೆ ತಡೆಯುತ್ತದೋ ಇಲ್ಲವೋ ನೋಡೇಬಿಡುತ್ತೇನೆ.

ಇಷ್ಟು ಅವಸರ ಯಾಕೆ ಎನ್ನುತ್ತೀ. ಹೇಳುತ್ತೇನೆ.

ವಾರವೆಲ್ಲ ಲ್ಯಾಬಿನಲ್ಲಿ ಜನರ ರಕ್ತ ತೆಗೆದದ್ದು ಸಾಲದೆ ಭಾನುವಾರವೂ ಬಿಟ್ಟಿ ದುಡಿಯುತ್ತೀಯಾ ಎಂದು ನೀನು ಬೈಯುವ ಆ ಕೆಲಸ ನೀನು ಕಣ್ಣಾರೆ ನೋಡಿಲ್ಲ. ಬಸ್ಸು ಸರಿಯಾಗಿ ಬಾರದ ಹಳ್ಳಿಗಳಿಗೆ ಹೋಗುತ್ತೇವೆ. ಮಠವೋ ಶಾಲೆಯೋ ಸಿಕ್ಕಲ್ಲಿ ಟೇಬಲ್ಲು ಹಾಕಿ ಸಂಜೆಯವರೆಗೆ ರೋಗಿಗಳನ್ನು ನೋಡುತ್ತೇವೆ. ಯಾರಿಗೂ ಸಂಬಳವಿಲ್ಲ. ಜನ ಬಿಸಿಲಲ್ಲಿ ನಿಲ್ಲುವುದಿಲ್ಲ. ತಮ್ಮ ಚಪ್ಪಲಿಗಳನ್ನು ಸಾಲಾಗಿ ಬಿಟ್ಟು ಬೇವಿನ ನೆರಳಿಗೆ ಕೂಡುತ್ತಾರೆ. ಸರದಿ ಬಂದ ಹಾಗೆ ಅವರವರ ಚಪ್ಪಲಿಯನ್ನು ಅವರವರೇ ಕಾಲಿನಿಂದ ಮುಂದೆ ಸರಿಸುತ್ತಾರೆ. ಮತ್ತೊಬ್ಬರ ಕಾಲಿನದನ್ನು ಯಾರೂ ಮುಟ್ಟುವುದಿಲ್ಲ.

ಶ್ರಾವಣದಲ್ಲಿ ಶಿರೂರ ಅನಂತಪಾಳದ ಆಚೆ ಒಂದು ಹಳ್ಳಿಗೆ ಹೋಗಿದ್ದೆವು. ಮೊದಲನೆಯವರನ್ನು ಕರೆಯಲು ಹೊರಗೆ ಬಂದರೆ ಸಾಲಿನ ಮುಂದೆ ಕೆಸರು ಮೆತ್ತಿದ ಗಂಡಸಿನ ಚಪ್ಪಲಿ. ಪಂಡಿತ ಎಂಬ ರೈತನದು. ಅವನು ಹೆಂಡತಿಯನ್ನು ತೋರಿಸಲು ಬಂದವನು. ಸಾಲಿಗೆ ಚಪ್ಪಲಿ ಇಟ್ಟೇ ಇರಲಿಲ್ಲ, ಗಿಡದ ಬುಡದಲ್ಲಿ ಬಿಟ್ಟು ತಂಬಾಕು ತಿಕ್ಕುತ್ತ ಕೂತಿದ್ದ. “ನಂಗೇನ ಆಗಿಲ್ಲರೀ ಅಕ್ಕಾ, ಯಾರೋ ಮಜಾಕ್ ಮಾಡ್ಯಾರ” ಎಂದ. ಬಂದದ್ದಂತೂ ಬಂದೀ ಕೂಡು ಎಂದು ಮೀನಲ ಮೇಡಂ ಅವನ ನಾಡಿ ಹಿಡಿದರು. ಹಿಡಿದ ಕೈ ಬಿಡದೆ ಜೀಪಿಗೆ ಹತ್ತಿಸಿದರು. ಅವನ ಹೃದಯ ಬಡಿಯುತ್ತ ಬಡಿಯುತ್ತ ನಡುವೆ ನಿಂತುಬಿಡುತ್ತಿತ್ತಂತೆ. ಲಾತೂರಿನಲ್ಲಿ ಎದೆಯೊಳಗೆ ಸಣ್ಣ ಯಂತ್ರ ಕೂಡಿಸಿದರು. ಈ ಸಲ ಸೋಯಾಬೀನ್ ಅವನೇ ರಾಶಿ ಮಾಡಿದ.

ಎಲ್ಲರೂ ದೈವಯೋಗ ಎಂದೆವು.

ಆಮೇಲೆ ವಲಾಂಡಿ ಊರು. ನಡೆದರೆ ಪೀಂ ಪೀಂ ಎನ್ನುವ ಮಕ್ಕಳ ಚಪ್ಪಲಿ ನಿನಗೆ ಗೊತ್ತಲ್ಲ. ನಡುಮಧ್ಯಾಹ್ನ ನಾನು ಒಳಗೆ ಸೂಜಿ ಜೋಡಿಸುತ್ತಿದ್ದಾಗ ಹೊರಗೆ ಆ ಸದ್ದು ಕೇಳಿತು. ಪೀಂ, ಪೀಂ, ಪೀಂ ಎಂದು ಗಿಡದ ಕಡೆಯಿಂದ ಬಾಗಿಲಿನವರೆಗೂ ಬಂತು. ಬಂದು ನಿಂತಿತು. ಯಾವುದೋ ಕೂಸು ಒಳಗೆ ಬಂದೀತೆಂದು ಕಾದೆ. ಬರಲಿಲ್ಲ. ಹೊರಗೆ ಹೋಗಿ ನೋಡಿದರೆ ಸಾಲಿನ ಮುಂದೆ ಗುಲಾಬಿ ಬಣ್ಣದ ಪುಟ್ಟ ಚಪ್ಪಲಿ ಇದ್ದವು, ಒಳಗೆ ಕಾಲುಗಳಿರಲಿಲ್ಲ. ಆ ಕೂಸು, ಶಿವಾನಿ, ದೂರದಲ್ಲಿ ತಾಯಿಯ ತೊಡೆಯ ಮೇಲೆ ನಿದ್ದೆ ಹೋಗಿತ್ತು. ನೆರಳಲ್ಲಿ ಕೂತ ಹೆಂಗಸರು ಆ ಸದ್ದು ಕೇಳಿದ್ದರು ಅವ್ವ. ಕೇಳಿ, ನೋಡಿ, ಸೆರಗು ಬಿಗಿ ಹಿಡಿದು ಕೂತಿದ್ದರು. ಕೂಸಿನ ರಕ್ತ ನಾನೇ ತೆಗೆದೆ, ನೀರಿನಂತೆ ತೆಳ್ಳಗಿತ್ತು. ಈಗ ತಿಂಗಳಿಗೊಮ್ಮೆ ರಕ್ತ ಹಾಕಿಸುತ್ತಾರೆ, ಆಡಿಕೊಂಡಿದೆ.

ಸಾಸ್ತೂರಿಗೆ ಹೋದಾಗ ಋಷಿಕೇಶ ಹೆದರಿ ಚಪ್ಪಲಿಯ ಸಾಲೇ ಬೇಡ ಎಂದು ಚೀಟಿ ಹಂಚಿದ. ಎಲ್ಲರೂ ಗೋಡೆಯ ಮೂಲೆಗೆ ಚಪ್ಪಲಿ ರಾಶಿ ಹಾಕಲಿ ಎಂದ. ಮಧ್ಯಾಹ್ನಕ್ಕೆ ಆ ರಾಶಿಯಿಂದ ಒಂದೇ ಜೋಡಿ ಎದ್ದು ಬಂದು ಬಾಗಿಲ ಮುಂದೆ ನಿಂತಿತ್ತು. ಪ್ರೇಮಾಬಾಯಿ ಎಂಬ ಮುದುಕಿಯದು. ನಿನ್ನ ಹಾಗೇ ಗಟ್ಟಿಗಿತ್ತಿ, ನಿನ್ನ ಹಾಗೇ ನಗೆ. “ನಂದ್ಯಾತರ ಗಡಬಡ ಮಗಳ, ಎಮ್ಮಿ ಹಿಂಡಿ ಬರ್ತೀನಿ” ಎಂದು ಚಪ್ಪಲಿ ಮೆಟ್ಟಿಕೊಂಡು ಹೋದಳು. ಮೇಡಂ ಕರೆದರು, ನಾನೂ ಓಣಿಯ ತಿರುವಿನವರೆಗೆ ಬೆನ್ನು ಹತ್ತಿ ಕರೆದೆ. ತಿರುಗಿ ನೋಡದೆ ಕೈ ಬೀಸಿದಳು. ತೊಂಬತ್ಮೂರರ ಭೂಕಂಪದಲ್ಲಿ ಮನೆಮಂದಿಯನ್ನೆಲ್ಲ ಕಳೆದುಕೊಂಡ ಮಾಣಿಕಪ್ಪ ಎಂಬ ಅಜ್ಜ ಕಟ್ಟೆಯ ಮೇಲೆ ಕೂತು ಎಲ್ಲ ನೋಡುತ್ತಿದ್ದ. “ನಮ್ಮ ಮಂದಿ ಅವತ್ತ ಹೇಳಲಾರದ ಹ್ವಾದ್ರು ತಂಗಿ. ಈಗ ನೆಲದಾಗಿಂದ ಹೇಳಲಕತ್ಯಾರ. ಕೇಳೂರ ಎಲ್ಲಿ ಅದಾರ?” ಎಂದ.

ಪ್ರೇಮಾಬಾಯಿ ಆ ವಾರ ದಾಟಲಿಲ್ಲ. ಮನೆಯವರನ್ನು ಮಾತಾಡಿಸಲು ಹೋದಾಗ ಸೊಸೆ ಸೋನಾಲಿ ಹೇಳಿದ್ದು ಇದು. ಶಿಬಿರದ ಮರುದಿನ ಮುಂಜಾನೆ, ಒಳಗಿಟ್ಟ ಅತ್ತೆಯ ಚಪ್ಪಲಿ ಹೊಸ್ತಿಲ ಹೊರಗಿದ್ದವು. ಮಕ್ಕಳ ಚೇಷ್ಟೆ ಎಂದು ಬೈದು ಒಳಗಿಟ್ಟಳು. ಮಾರನೇ ದಿನ ಹೊರಗಿನ ಕೊನೆಯ ಮೆಟ್ಟಿಲ ಮೇಲೆ. ಅದರ ಮಾರನೇ ದಿನ ಓಣಿಯ ಬಾಯಲ್ಲಿ, ಯಾರೋ ಮೆಟ್ಟಿಕೊಂಡು ನಡೆಯಲು ನಿಂತ ಹಾಗೆ ತುದಿ ದಾರಿಯ ಕಡೆ ಮಾಡಿ. ಕೊನೆಗೆ ಒಂದು ದಿನ ಚಪ್ಪಲಿ ಎಲ್ಲಿಯೂ ಸಿಗಲಿಲ್ಲ. ಅವತ್ತು ಅತ್ತೆ ಹಾಸಿಗೆಯಿಂದ ಏಳಲಿಲ್ಲ. ಹೇಳುತ್ತ ಹೇಳುತ್ತ ಸೋನಾಲಿ ತನ್ನ ಚಪ್ಪಲಿಯನ್ನೇ ನೋಡುತ್ತಿದ್ದಳು.

ಅಲ್ಲಿಂದ ಮುಂದೆ ನಾವು ಚೀಟಿ ಹಂಚಲಿಲ್ಲ. ಡಾಕ್ಟರು ಹೊರಗೆ ಬಂದರೆ ಮೊದಲು ನೋಡುವುದು ನೆಲವನ್ನೇ.

ಮೊನ್ನೆ ಭಾನುವಾರ ಉಮರ್ಗಾ ಕಡೆಯ ಒಂದು ಮಠದಲ್ಲಿ ಶಿಬಿರವಿತ್ತು. ನಾನು ಚಪ್ಪಲಿಯನ್ನು ಒಳಬಾಗಿಲ ಹತ್ತಿರ ಔಷಧದ ಪೆಟ್ಟಿಗೆಗಳ ಹಿಂದೆ ಬಿಟ್ಟಿದ್ದೆ. ಊಟದ ಹೊತ್ತಿಗೆ ಋಷಿಕೇಶ ಬಂದು, ಅಕ್ಕಾ ಸ್ವಲ್ಪ ಹೊರಗ ಬರ್ರಿ ಎಂದ. ಮುಖ ಬೂದಿಯಾಗಿತ್ತು. ಸಾಲಿನ ಮುಂದೆ ನಾನು ಮೆಟ್ಟಿಕೊಂಡು ಹೋದ ಚಪ್ಪಲಿ ಇದ್ದವು. ಒಂದಕ್ಕೊಂದು ತಾಗಿಸಿ, ಅಚ್ಚುಕಟ್ಟಾಗಿ, ತುದಿ ಬಾಗಿಲ ಕಡೆ ಮಾಡಿ. ನೆರಳಲ್ಲಿದ್ದ ಜನ ಒಬ್ಬೊಬ್ಬರಾಗಿ ಎದ್ದು ನಿಂತರು. ನಾನು ದಾಟುವಾಗ ದಾರಿ ಬಿಟ್ಟರು, ಹೆಣಕ್ಕೆ ಬಿಟ್ಟ ಹಾಗೆ.

ಮೇಡಂ ನನ್ನನ್ನು ಅಲ್ಲೇ ಸ್ಟೂಲಿನ ಮೇಲೆ ಕೂಡಿಸಿದರು. ನಾಡಿ ಹಿಡಿದು ಎರಡೆರಡು ಸಲ ಎಣಿಸಿದರು. ಸೋಮವಾರ, ಮಂಗಳವಾರ ಎರಡೂ ದಿನ ಉದಗೀರದಲ್ಲಿ ರಕ್ತ, ಇಸಿಜಿ, ಸೋನೋಗ್ರಫಿ ಎಂದು ಒಂದೂ ಬಿಡಲಿಲ್ಲ. ನಿನ್ನೆ ಸಂಜೆ ರಿಪೋರ್ಟು ಬಂದವು. ನನಗೆ ಏನೂ ಆಗಿಲ್ಲ ಅವ್ವ. ಈ ಸಲ ಚಪ್ಪಲಿ ತಪ್ಪಿದವು ಎಂದು ಋಷಿಕೇಶ ಪೇಢಾ ತಂದು ಹಂಚಿದ. ಎಲ್ಲರೂ ನಕ್ಕರು. ನಾನೂ ನಕ್ಕೆ, ಪೇಢಾ ತಿಂದೆ, ಮನೆಗೆ ಬಂದೆ.

ಅದಕ್ಕೇ ಹೇಳುತ್ತೇನೆ, ಒಮ್ಮೆ ಬಂದು ತೋರಿಸಿಕೊಂಡು ಹೋಗು. ಮೇಡಂ ಇವತ್ತು ಬೇರೆ ರೋಗಿಗಳನ್ನು ತೆಗೆದುಕೊಂಡಿಲ್ಲ, ನಿನ್ನ ದಾರಿ ಕಾಯುತ್ತಿದ್ದಾರೆ. ಅಪ್ಪ ಇಟ್ಟ ವಿಭೂತಿಗಿಂತ ದೊಡ್ಡ ಮದ್ದಿಲ್ಲ ಎನ್ನುತ್ತೀಯಲ್ಲ, ವಿಭೂತಿ ಹಚ್ಚಿಕೊಂಡೇ ಬಾ, ಬೇಡ ಎಂದವರಾರು? ಕೊಡ ಎತ್ತಬೇಡ. ಮೆಟ್ಟಿಲು ಮೆಲ್ಲಗೆ ಇಳಿ. ಜೀಪಿನಲ್ಲಿ ಮುಂದಿನ ಸೀಟಿಗೆ ಕೂಡು. ಋಷಿಕೇಶನ ಕಿಸೆಯಲ್ಲಿ ಒಂದು ಗುಳಿಗೆ ಇದೆ, ಅವನು ಕೊಟ್ಟಾಗ ನಾಲಿಗೆಯ ಕೆಳಗೆ ಇಟ್ಟುಕೋ, ವಾದ ಮಾಡಬೇಡ.

ನನಗೆ ಹೆದರಿಕೆ ಆಗುತ್ತಿದೆ ಅವ್ವ. ಬೈಯುವುದಕ್ಕೆ ನೀನಿಲ್ಲದ ಆ ಮನೆಗೆ ನಾನು ಹೇಗೆ ಬರಲಿ?

ನಿನ್ನ ದಾರಿ ಕಾಯುತ್ತಿರುವ
ಶೈಲಾ

ತಾ.ಕ.: ತಾನೇ ಬರದೆ ಪರರನ್ನು ಕಳಿಸಿದಳಲ್ಲ ಎಂದು ಮುನಿಯಬೇಡ. ನಿನ್ನೆ ಮನೆಗೆ ಬಂದು ಕಾಲು ತೊಳೆಯಲು ಹೋದಾಗ ಎಡಪಟ್ಟಿಯ ಕೆಂಪು ದಾರ ಕಣ್ಣಿಗೆ ಬಿತ್ತು. ಚಪ್ಪಲಿ ತಪ್ಪಿರಲಿಲ್ಲ. ಅವು ನಿನ್ನವು. ಒಳಗೆ ಒಯ್ದು ಮಂಚದ ಕೆಳಗೆ, ಟ್ರಂಕಿನ ಹಿಂದೆ ಇಟ್ಟು ಬಾಗಿಲಿಗೆ ಅಗಳಿ ಹಾಕಿದೆ. ಇವತ್ತು ಮುಂಜಾನೆ ಅಗಳಿ ಹಾಕಿದ ಹಾಗೇ ಇತ್ತು, ಚಪ್ಪಲಿ ಹೊರಗಿನ ಕೊನೆಯ ಮೆಟ್ಟಿಲ ಮೇಲಿದ್ದವು. ಈಗ ತೊಡೆಯ ಮೇಲೆ ಇಟ್ಟುಕೊಂಡು ಹಿಡಿದು ಕೂತಿದ್ದೇನೆ. ಬರೆಯಲು ಒಂದು ಕೈ ಬಿಡಬೇಕಾಗುತ್ತದೆ, ಆದ್ದರಿಂದ ಮುಗಿಸುತ್ತೇನೆ. ಕಾಲಿಗೆ ಏನಾದರೂ ಹುಡುಕುತ್ತ ನಿಲ್ಲಬೇಡ ಅವ್ವ. ಬರಿಗಾಲಲ್ಲೇ ಬಾ.