ಈ ಸಲ ಮೊಟ್ಟೆ ಬೇಡ

ಜೂನ್ 3, ಬೆಳಿಗ್ಗೆ 6
ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಿದ್ದಾಯಿತು. ಥೈರಾಯ್ಡ್ ಮಾತ್ರೆಯೂ ಆಯಿತು. ಬೆಂಗಳೂರಿನ ಡಾಕ್ಟರ್ ಮಾತು ಕಿವಿ ಬಿಡುತ್ತಿಲ್ಲ — ನನ್ನ ಮೈಯೇ ನನ್ನ ಅಂಡಾಶಯವನ್ನು ಶತ್ರು ಅಂದುಕೊಂಡು ಹೊಡೆಯುತ್ತಿದೆಯಂತೆ. ಮೂವತ್ತು ತುಂಬುವುದರೊಳಗೆ ಮುಟ್ಟು ನಿಲ್ಲಬಹುದು. ಉಳಿದಿರುವ ಮೊಟ್ಟೆ ತೆಗೆಸಿ ಫ್ರೀಜ್ ಮಾಡಿಸಬೇಕು, ತಡ ಮಾಡಬಾರದು. ಸ್ಕ್ಯಾನಿನಲ್ಲಿ ಆರು ಕಂಡಿವೆ. ಡೇಟ್ ಹೇಳಲು ಆಸ್ಪತ್ರೆಯವರೇ ಫೋನ್ ಮಾಡುತ್ತಾರೆ. ಯಜಮಾನರಿಗೆ ಮಾತ್ರ ಹೇಳಿದ್ದೇನೆ, ಅತ್ತೆಗಿಲ್ಲ. "ನೋಡಣ ಬಿಡು" ಎಂದರು.

ಜೂನ್ 19
ಕಾದು ಸಾಕಾಗಿ ನಾನೇ ಫೋನ್ ಮಾಡಿದೆ. "ಐದನೇ ತಾರೀಕು ನೀವೇ ಕ್ಯಾನ್ಸಲ್ ಮಾಡಿಸಿದ್ರಲ್ಲ ಮೇಡಂ?"
ಅತ್ತೆಯನ್ನು ಕೇಳಿದೆ. "ಊ ಕಣಮ್ಮ, ನೀನು ತೋಟದಾಗಿದ್ದೆ, ನಿನ್ ಫೋನ್ ನಾನೇ ಎತ್ತಿದೆ. ಯಾವಳೋ ಮೊಟ್ಟೆಗೆ ಡೇಟ್ ಕೊಡ್ತೀನಿ ಅಂದ್ಳು. ಸೊಪ್ಪು ಸಾಲಲ್ಲ, ಈ ಸಲ ಮೊಟ್ಟೆ ಬೇಡ ಅಂದೆ. ಮುರಳಿನೂ ಇಲ್ಲೇ ಕೂತಿದ್ನಲ್ಲ, ನಗ್ತಿದ್ದ."
ಜಂಗಮಕೋಟೆಯಲ್ಲಿ ಮೊಟ್ಟೆ ಅಂದರೆ ರೇಷ್ಮೆ ಹುಳುವಿನದೇ. ಪಾಪ, ಅತ್ತೆಯ ತಪ್ಪೇನಿಲ್ಲ.
ಆದರೆ ನನ್ನ ಗಂಡ ಮುರಳಿಗೆ ಗೊತ್ತಿತ್ತು. ನಕ್ಕು ಸುಮ್ಮನಿದ್ದ.
ಕೇಳಿದ್ದಕ್ಕೆ — "ಆಗೋದಾದ್ರೆ ಹಂಗೇ ಆಗ್ತವೆ. ಇಲ್ದಿದ್ರೆ ಚಿಂತಾಮಣಿ ಕಡೆ ಒಂದು ಹುಡುಗಿ ಐತಂತೆ."
ಇವತ್ತಿನಿಂದ ಈ ಪುಸ್ತಕದಲ್ಲಿ ಅವನಿಗೆ ಬಹುವಚನವಿಲ್ಲ. ಬಿಡುವುದಿಲ್ಲ ಅವನನ್ನು.

ಜುಲೈ 8
ಮತ್ತೆ ಸ್ಕ್ಯಾನ್. ಆರು ಇದ್ದದ್ದು ಈಗ ಎರಡು. ಬಸ್ಸಿನಲ್ಲಿ ಅಳಲಿಲ್ಲ. ನಾಳೆಯಿಂದ ಮೊಟ್ಟೆ ಬಲಿಯಲು ಇಂಜೆಕ್ಷನ್, ಶಿಡ್ಲಘಟ್ಟದ ನರ್ಸ್ ಹತ್ತಿರ.

ಜುಲೈ 16
ಚಿಂತಾಮಣಿ ಹುಡುಗಿಯ ನಂಬರ್ ಹುಡುಕಿದೆ. ಕವಿತ. ಡೈವೋರ್ಸ್ ಆಗಿದೆ ಎಂದು ನಂಬಿಸಿದ್ದನಂತೆ! "ಆಗಿಲ್ಲಮ್ಮ, ಇಲ್ಲೇ ಅನ್ನ ಬಸೀತಿದ್ದೀನಿ" ಎಂದೆ. ಸಂಜೆಯೊಳಗೆ ಸಂಬಂಧ ಮುರಿಯಿತು. ಎಷ್ಟು ಖುಷಿಯಾಯಿತೆಂದರೆ... ನಾಚಿಕೆಯೂ ಆಗಲಿಲ್ಲ.
ಈಗ ಇವನದು ಬೆಣ್ಣೆಯಂಥ ಮಾತು. "ಇಬ್ಬರದೂ ಸೇರಿಸಿ ಎಂಬ್ರಿಯೋ ಮಾಡ್ಸಿ ಇಡಣ ಕಣೇ. ನಾನೂ ಬರ್ತೀನಿ."
ಬನ್ನಿ ಎಂದೆ. ನಕ್ಕೆ ಕೂಡ.

ಜುಲೈ 20, ಆಸ್ಪತ್ರೆ, 11.40
ಎರಡೂ ಸಿಕ್ಕವು. ಇನ್ನೂ ತಲೆ ಭಾರ, ಅಕ್ಷರ ಸೊಟ್ಟ. ಬೆಳಿಗ್ಗೆ ಫಾರ್ಮಿನಲ್ಲಿ ಕೇಳಿದ್ದರು — ಎಂಬ್ರಿಯೋನಾ, ಮೊಟ್ಟೆ ಮಾತ್ರನಾ? ಮೊಟ್ಟೆ ಮಾತ್ರ. ಟಿಕ್ ಮಾಡಿ ಸೈನ್ ಹಾಕಿದೆ. "ಹಸ್ಬೆಂಡ್‌ಗೆ ಹೇಳಿದ್ದೀರಾ?" ಎಂದರು ಡಾಕ್ಟರ್. ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ನೀವು ಹೇಳಬೇಡಿ ಎಂದೆ.
ಇವನಿಗೆ ಸ್ಯಾಂಪಲ್ ಡಬ್ಬಿ ಕೊಟ್ಟು ರೂಮಿಗೆ ಕಳಿಸಿದ್ದೂ ನಾನೇ. ಮುಕ್ಕಾಲು ಗಂಟೆ. ಈಗ ಬಂದ, ಬೆವತುಕೊಂಡು, ಡಬ್ಬಿಯನ್ನು ಕರ್ಚೀಫಿನಲ್ಲಿ ಮುಚ್ಚಿಕೊಂಡು.
"ಯಾರಿಗೆ ಕೊಡ್ಬೇಕೇ ಇದನ್ನ?"
ಕಸದ ಬುಟ್ಟಿ ಮಂಚದ ಪಕ್ಕದಲ್ಲೇ ಇದೆ. ತೋರಿಸಿದೆ.